ಹಿರಿಯರ ಎಡೆ ಮತ್ತು ಮೋನಿಕಳ ಬುಟ್ಟಿ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಆಸುಪಾಸಿನಲ್ಲಿ, ಹಳೆಯ ಮೈಸೂರಿನ ಇತರ ಹಳ್ಳಿಗಳಲ್ಲಿರುವಂತೆಯೇ, ಮಹಾಲಯ ಅಮಾವಾಸ್ಯೆಯ ವೇಳೆಗೆ ಹಿರಿಯರ ಹಬ್ಬ ನಡೆಯುತ್ತದೆ. ಕಳಶವನ್ನೋ ಅಗಲಿದವರ ಭಾವಚಿತ್ರವನ್ನೋ ಇರಿಸಿ, ಹೊಸ ಬಟ್ಟೆ, ಹೂವುಗಳನ್ನು ಸಮರ್ಪಿಸಿ, ಅವರು ಮೆಚ್ಚಿ ಉಣ್ಣುತ್ತಿದ್ದ ಅಡುಗೆಯನ್ನು ಬಾಳೆಯೆಲೆಯ ಮೇಲೆ ಎಡೆಯಿಟ್ಟು, ಧೂಪ ಹಾಕುತ್ತಾರೆ. ಬಳಿಕ ನೆಂಟರಿಷ್ಟರೆಲ್ಲ ಕೂಡಿ ಉಣ್ಣುತ್ತಾರೆ. ನಮ್ಮ ಹಬ್ಬಗಳ ಚೆಂಡುಹೂವಿನ ತವರಾದ ಮೆಕ್ಸಿಕೋದಲ್ಲಿಯೂ ನವೆಂಬರ್ 1 ಮತ್ತು 2ರಂದು ಕ್ರೈಸ್ತ ಮನೆಗಳವರು ಮೃತರಿಗಾಗಿ ವೇದಿಕೆ ಕಟ್ಟಿ, ಅದೇ ಹೂವಿನಿಂದ ಸಿಂಗರಿಸಿ, ಆಹಾರವಿಡುತ್ತಾರೆ.

ಇಂತಹ ಎಡೆಯ ಮುಂದೆ ಕ್ರೈಸ್ತ ವಿಶ್ವಾಸಿಯು ಹೇಗೆ ನಿಲ್ಲಬೇಕೆಂಬ ಪ್ರಶ್ನೆ ಹೊಸದಲ್ಲ. ನಾಲ್ಕನೆಯ ಶತಮಾನದಲ್ಲಿ ಸಂತ ಅಗಸ್ಟೀನನ ತಾಯಿ ಮೋನಿಕಳು ಮಿಲಾನ್ ನಗರದಲ್ಲಿ, ತನ್ನ ಆಫ್ರಿಕದ ವಾಡಿಕೆಯಂತೆ, ಅಂಬಲಿ, ರೊಟ್ಟಿ ಹಾಗೂ ದ್ರಾಕ್ಷಾರಸದ ಬುಟ್ಟಿಯನ್ನು ಹೊತ್ತು ಸಂತರ ಸಮಾಧಿಗಳಿಗೆ ಹೋದಳು. ದ್ವಾರಪಾಲಕನು ತಡೆದನು. ಈ ಪದ್ಧತಿ ಕುಡಿತಕ್ಕೆ ಅವಕಾಶವೀಯುತ್ತದೆ, ರೋಮನರ ಪಿತೃಹಬ್ಬವಾದ ಪರೆಂಟಾಲಿಯವನ್ನು ಹೋಲುತ್ತದೆ ಎಂದು ಬಿಷಪ್ ಅಂಬ್ರೋಸನು ಅದನ್ನು ನಿಷೇಧಿಸಿದ್ದನು. ಮೋನಿಕಳು ಮರುಮಾತಿಲ್ಲದೆ ವಿಧೇಯಳಾದಳು. ಆದರೆ ಆಕೆಯ ಕೈ ಬರಿದಾಗಲಿಲ್ಲ: ಬುಟ್ಟಿಯ ಬದಲು ಪ್ರಾರ್ಥನೆಯನ್ನು ಒಯ್ದಳು; ತನ್ನಿಂದಾದುದನ್ನು ಬಡವರಿಗೆ ಕೊಟ್ಟಳು. 387ರಲ್ಲಿ ಓಸ್ಟಿಯದಲ್ಲಿ ಮರಣಶಯ್ಯೆಯಲ್ಲಿದ್ದಾಗ ಆಕೆ ಮಕ್ಕಳಲ್ಲಿ ಬೇಡಿಕೊಂಡದ್ದು, ಪ್ರಭುವಿನ ಪೀಠದ ಬಳಿ ತನ್ನನ್ನು ಸ್ಮರಿಸಬೇಕೆಂಬುದೊಂದನ್ನೇ.

ಧರ್ಮಸಭೆಯ ಬೋಧನೆಯ ತಿರುಳು ಇಲ್ಲಿದೆ. ನಾವು ಮೃತರಿಗೆ ಅರ್ಪಿಸುವುದಿಲ್ಲ. ಮೃತರಿಗಾಗಿ ದೇವರಿಗೆ ಅರ್ಪಿಸುತ್ತೇವೆ. ಆದರೆ ನಿಷೇಧವೊಂದೇ ಈ ಬೋಧನೆಯನ್ನು ಮನೆಗಳಿಗೆ ಮುಟ್ಟಿಸಲಾರದು. ಚೀನಾದ ಪಿತೃವಿಧಿಗಳನ್ನು ರೋಮ್ 1742ರಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿತು; 1939ರಲ್ಲಿ, ಪೂರ್ವಜರ ಚಿತ್ರದ ಮುಂದೆ ತಲೆಬಾಗುವ ಲೌಕಿಕ ಗೌರವಕ್ಕೆ ಅನುಮತಿಯಿತ್ತಿತು. ಗೌರವವನ್ನೂ ಆರಾಧನೆಯನ್ನೂ ಬೇರ್ಪಡಿಸಿ ನೋಡಲು ಸುಮಾರು ಇನ್ನೂರು ವರ್ಷಗಳು ಹಿಡಿದವು.

ನಮ್ಮ ಕಥೋಲಿಕರು ನವೆಂಬರ್ 2ರಂದು ಸಮಾಧಿಗಳನ್ನು ಶುಚಿಗೊಳಿಸಿ, ಹೂ, ಮೇಣದಬತ್ತಿಗಳಿಂದ ಅಲಂಕರಿಸುತ್ತಾರೆ. ಆದರೆ ಬಂಧುಗಳೆಲ್ಲ ಅಮಾವಾಸ್ಯೆಗೆ ಕೂಡುವ ಮನೆಯಲ್ಲಿ ಒಬ್ಬನೇ ಕ್ರೈಸ್ತನಾಗಿರುವವನಿಗೆ ಆ ದಿನ ತನ್ನ ತಂದೆತಾಯಿಯನ್ನು ನೆನೆಯಲು ಸ್ಥಳವೆಲ್ಲಿ? ಎಡೆ ಬೇಡವೆನ್ನುವ ಗುರುವು ಆ ವಾರವೇ ಬಲಿಪೂಜೆಯಲ್ಲಿ ಆ ಹಿರಿಯರ ಹೆಸರುಗಳನ್ನು ಓದಲಿ. ಅವರ ನೆನಪಿನಲ್ಲಿ ಹಸಿದವರಿಗೆ ಅನ್ನವಿಡಲು ಆತನಿಗೆ ನೆರವಾಗಲಿ. ಮೋನಿಕಳ ಬುಟ್ಟಿಯನ್ನು ಕೆಳಗಿಳಿಸಿದ ಸಭೆಯು ಆಕೆಯ ನೆನಪಿಗೆ ಪೀಠದ ಬಳಿ ಸ್ಥಳ ಕೊಟ್ಟಿತೆಂಬುದನ್ನು ನಾವು ಮರೆಯಬಾರದು.