ಗಳ ಎಷ್ಟು ಉದ್ದ ಇರಬೇಕು? ಮುರಗೋಡದ ಹುಡುಗನ ಪ್ರಶ್ನೆಗೆ ಉದ್ದನೆಯ ಉತ್ತರ

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ.

ಹೋದ ವಾರ ನಮ್ಮ ಮುರಗೋಡದ ಓಣಿ ಹುಡುಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಆರು ವರ್ಷ ಆತು, ಅಲ್ಲಿ ಗುತ್ತಿಗೆದಾರನ ಕೈಕೆಳಗೆ ಗಾಜಿನ ಕಟ್ಟಡಗಳ ಕಿಟಕಿ ತೊಳೀತಾನ. ಇನ್ನು ಸಾಕು, ಮೂವರು ಗೆಳೆಯರು ಕೂಡಿ ಬೆಳಗಾವಿಯಲ್ಲಿ ಸ್ವಂತ ಕೆಲಸ ಹಿಡೀತೀವಿ ಅಂದ. ಶೋರೂಮು, ಆಸ್ಪತ್ರೆ, ಕಾಲೇಜು ಎಲ್ಲಾ ಕಡೆ ಈಗ ಗಾಜೇ ಗಾಜು. "ಕಾಕಾ, ವಾಟರ್ ಫೆಡ್ ಪೋಲ್ ತಗೋಬೇಕಂತ ಮಾಡೀವಿ. ಅಲ್ಯೂಮಿನಿಯಂದು ಅಗ್ಗ ಸಿಗತೈತಿ. ಕಾರ್ಬನ್ನಿಂದು ತಗೊಂಡ್ರ ಸಾಲ ಆಗತೈತಿ. ಯಾವುದು ತಗೊಳ್ಳೂಣು?"

ಗೊತ್ತಿಲ್ಲದವರಿಗೆ ಹೇಳಬೇಕಂದ್ರ, ಅದೊಂದು ಉದ್ದನೆಯ ಗಳ. ಒಂದರೊಳಗೊಂದು ಕೊಳವೆ ಕೂತಿರತಾವು, ಬೇಕಾದಷ್ಟು ಎಳೆದು ಬಿಗಿ ಮಾಡಬಹುದು. ತುದಿಗೆ ಬ್ರಷ್. ಒಳಗಿನಿಂದ ಸಣ್ಣ ಪೈಪು ಹಾದು ಹೋಗಿ ಬ್ರಷ್ಷಿನಲ್ಲಿ ನೀರು ಚಿಮ್ಮತೈತಿ. ಮನುಷ್ಯ ನೆಲದ ಮೇಲೆ ನಿಂತು ಮೂರನೇ ಮಹಡಿಯ ಕಿಟಕಿ ತೊಳೆಯಬಹುದು. ಏಣಿ ಬ್ಯಾಡ, ಹಗ್ಗ ಬ್ಯಾಡ.

ಸಾಲದ ಅರ್ಜಿ ತುಂಬಿಸೋದು ನನ್ನ ಕೆಲಸ, ಅದಕ್ಕ ನನಗ ಕೇಳಿದ. ನಾನು ಸುಮ್ನಿರದೆ ನಮ್ಮ ಗ್ರೂಪಿನಲ್ಲಿ ಹಾಕಿದೆ. ತಕ್ಷಣ ಹಿರಿಯ ಸಂಗಾತಿಯೊಬ್ಬರು ಬರೆದರು: "ಬಾಬಾಸಾಹೇಬರು ಕಸಬರಗಿ ಕೆಳಗಿಡ್ರಿ ಅಂದ್ರು. ನೀವು ನಲ್ವತ್ತು ಅಡಿ ಉದ್ದದ ಕಸಬರಗಿಗೆ ಸಾಲ ಕೊಡಸಾಕ ಹೊಂಟೀರಲ್ಲ!"

ಆ ಮಾತು ನನ್ನನ್ನ ಎರಡು ದಿನ ನಿದ್ದೆಗೆ ಬಿಡಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಆದ್ರ ಪೂರ್ತಿ ಇತಿಹಾಸನೂ ಅಲ್ಲ. ಅದಕ್ಕ ಈ ಪೋಸ್ಟ್.

ಮೊದಲು ಗಿಡ್ಡ ಕಸಬರಗಿಯಿಂದ ಸುರು ಮಾಡೂಣು. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಪೇಶ್ವೆಗಳ ಪುಣೆಯ ಕಥೆ ಬರೆದಾರ. ಅಸ್ಪೃಶ್ಯ ಸೊಂಟಕ್ಕೆ ಕಸಬರಗಿ ಕಟ್ಟಿಕೊಂಡು ನಡೀಬೇಕು, ತನ್ನ ಹೆಜ್ಜೆ ಗುರುತನ್ನ ತಾನೇ ಗುಡಿಸಬೇಕು. ಕೊರಳಿಗೆ ಗಡಿಗೆ ಕಟ್ಟಿಕೊಂಡು ಅದರಲ್ಲೇ ಉಗುಳಬೇಕು. ಪುಣೆ ದೂರ ಅನ್ನಬ್ಯಾಡ್ರಿ. 1818ರಲ್ಲಿ ಇಂಗ್ಲಿಷರು ಬೆಳಗಾವಿ ಕೋಟೆ ಕಸಗೊಂಡಿದ್ದು ಪೇಶ್ವೆಗಳ ಕಡೆಯಿಂದಲೇ. ಆ ಕಸಬರಗಿ ಸ್ವಚ್ಛ ಮಾಡೋ ಸಲಕರಣೆ ಆಗಿರಲಿಲ್ಲ, ಮನುಷ್ಯನನ್ನ ಗುರುತಿಸೋ ಪಟ್ಟಿ ಆಗಿತ್ತು.

ನಮ್ಮ ಆಯಿ ಬಜಾರ ಗುಡಿಸತಿದ್ಲು. ಅಕಿ ಕೈಯಾಗಿನ ಕಸಬರಗಿ ಒಂದೂವರೆ ಮೊಳ ಇತ್ತೋ ಇಲ್ಲೋ. ಅದಕ್ಕೊಂದು ಕೋಲು ಕಟ್ಟಿದ್ರ ನಿಂತು ಗುಡಿಸಬಹುದಿತ್ತು. ಮುರಗೋಡದಾಗ ಬಿದಿರಿಗೇನು ಬರ ಇತ್ತೇನು? ಸಣ್ಣವನಿದ್ದಾಗ ಕೇಳಿದ್ದೆ, ಕೋಲು ಯಾಕ ಕಟ್ಟೂದಿಲ್ಲ ಅಂತ. "ನೆಟ್ಟಗ ನಿಂತು ಗುಡಿಸಿದ್ರ ಸೊಕ್ಕು ಅಂತಾರೋ ತಮ್ಮಾ" ಅಂದಿದ್ಲು. ಸಾಯೋ ಹೊತ್ತಿಗೆ ಅಕಿ ಬೆನ್ನು ನೆಟ್ಟಗಾಗಲೇ ಇಲ್ಲ, ಹಾಸಿಗೆಯಲ್ಲೂ ಬಾಗಿದಂಗೇ ಮಲಗತಿದ್ಲು.

ಸಲಕರಣೆಯ ಹಿಡಿ ಎಷ್ಟು ಉದ್ದ ಅನ್ನೋದು ಕಮ್ಮಾರನೋ ಬಡಿಗನೋ ಮಾಡೋ ಲೆಕ್ಕ ಅಂತ ತಿಳಿಬ್ಯಾಡ್ರಿ. ಹೊಲಸಿನಿಂದ, ಅಪಾಯದಿಂದ ಆ ಮೈಯಿ ಎಷ್ಟು ದೂರ ಇರಬಹುದು ಅಂತ ಸಮಾಜ ಕೊಟ್ಟ ಪರವಾನಗಿ ಅದು.

ಸರ್ಕಾರಕ್ಕೂ ಇದು ಗೊತ್ತಿತ್ತು. 1956ರ ನವೆಂಬರ್ 1ರ ತನಕ ನಾವು ಮುಂಬಯಿ ರಾಜ್ಯದೊಳಗೆ. ಮುರಗೋಡ ಪರಸಗಡ ತಾಲೂಕಿನಲ್ಲಿತ್ತು, ಜಿಲ್ಲೆ ಬೆಳಗಾವಿ. ಆ ಮುಂಬಯಿ ಸರ್ಕಾರ 1949ರಲ್ಲೇ ವಿ.ಎನ್. ಬರ್ವೆ ಅವರ ಅಧ್ಯಕ್ಷತೆಯಲ್ಲಿ ಮಲಹೊರುವವರ ಬದುಕು ವಿಚಾರಿಸೋ ಸಮಿತಿ ಮಾಡಿತು. 1952ಕ್ಕೆ ವರದಿ ಬಂತು. 1955ರಲ್ಲಿ ಕೇಂದ್ರ ಗೃಹ ಇಲಾಖೆ ಅದರ ಮುಖ್ಯ ಶಿಫಾರಸುಗಳನ್ನ ಎಲ್ಲಾ ರಾಜ್ಯಗಳಿಗೂ ಕಳಿಸಿತು. 1957ರಲ್ಲಿ ಎನ್.ಆರ್. ಮಲ್ಕಾನಿ ಸಮಿತಿ, 1960ಕ್ಕೆ ಅದರ ವರದಿ. ತಲೆ ಮೇಲಿನ ಬುಟ್ಟಿ ಇಳಿಸ್ರಿ, ಕೈಗಾಡಿ ಕೊಡ್ರಿ ಅನ್ನೋದು ಅದರ ತಿರುಳು. ಕೈಗಾಡಿ ಅಂದ್ರ ಏನು ದೊಡ್ಡ ವಿಜ್ಞಾನ? ಒಂದು ಗಾಲಿ, ಎರಡು ಹಿಡಿ. ಅಷ್ಟು ಕೊಡಾಕೂ ಕೈ ಬರಲಿಲ್ಲ.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ಕರ್ನಾಟಕದಲ್ಲಿ ನಿಲ್ಲಿಸಿದರು. 'ಬೂಸಾ' ಮಾತಿಗೆ ಅವರ ಮೇಲೆ ಬಿದ್ದವರು ಈ ಕೆಲಸಕ್ಕೆ ಅವರನ್ನ ನೆನಪು ಮಾಡ್ಕೋತಾರೇನು? ಆದ್ರೂ 2010ರ ಜುಲೈನಲ್ಲಿ ಸವಣೂರಿನ ಪುರಸಭೆ ಮುಂದೆ ನಮ್ಮ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯ್ತು. ಮುರಗೋಡದಿಂದ ಅದೇನು ಬಾಳ ದೂರದ ಊರಲ್ಲ. ಬರ್ವೆ ವರದಿಗೆ ಆಗ 58 ವರ್ಷ ಆಗಿತ್ತು.

ಈಗ ಸ್ವಲ್ಪ ಇಂಗ್ಲೆಂಡಿಗೆ ಹೋಗೂಣು. ಯಾಕಂದ್ರ ಗಳದ ನಿಜವಾದ ಕಥೆ ಅಲ್ಲೈತಿ.

ಅಲ್ಲಿ ಚಳಿಗೆ ಮನೆ ಮನೆಯಲ್ಲಿ ಕಲ್ಲಿದ್ದಲ ಒಲೆ, ಅದಕ್ಕೊಂದು ಹೊಗೆಗೂಡು. ಅದರೊಳಗಿನ ಮಸಿ ಕೆರೆಯಾಕ ಬಡವರ ಸಣ್ಣ ಹುಡುಗರನ್ನ ಒಳಗೆ ಹತ್ತಿಸತಿದ್ರು. ನಾಲ್ಕು, ಐದು, ಆರು ವರ್ಷದ ಕೂಸುಗಳು. ಕೆಲವು ಗೂಡು ಬರೀ ಒಂಬತ್ತು ಇಂಚು ಅಗಲ. ಸಿಕ್ಕಿಬಿದ್ದು ಸತ್ತರು, ಉಸಿರುಗಟ್ಟಿ ಸತ್ತರು. ಬದುಕಿದವರಿಗೆ ದೊಡ್ಡವರಾದ ಮೇಲೆ ವೃಷಣದ ಚೀಲಕ್ಕೆ ಕ್ಯಾನ್ಸರ್. ಮಸಿಯಿಂದಲೇ ಅದು ಬರತೈತಿ ಅಂತ ಪರ್ಸಿವಲ್ ಪಾಟ್ ಅನ್ನೋ ವೈದ್ಯ 1775ರಲ್ಲೇ ಬರೆದಿಟ್ಟಿದ್ದ.

1803ರಲ್ಲಿ ಜಾರ್ಜ್ ಸ್ಮಾರ್ಟ್ ಅನ್ನೋನು ಒಂದು ಯಂತ್ರ ಮಾಡಿದ. ಯಂತ್ರ ಅಂದ್ರ ಮತ್ತೇನಿಲ್ಲ, ಟೊಳ್ಳು ಕೋಲುಗಳನ್ನ ಒಂದಕ್ಕೊಂದು ಸೇರಿಸಿ, ಒಳಗ ಹಗ್ಗ ಹಾಯಿಸಿ, ತುದಿಗೆ ಬ್ರಷ್ ಕಟ್ಟಿದ್ದು. ನಮ್ಮ ಹುಡುಗ ಕೇಳಿದ ಗಳದ ಮುತ್ಯಾ ಅದು! ಕೆಳಗ ನಿಂತು ಮೇಲಿನ ಮಸಿ ಕೆರೆಯಬಹುದು. 1828ರಲ್ಲಿ ಜೋಸೆಫ್ ಗ್ಲಾಸ್ ಬೆತ್ತದ ಕೋಲಿನಿಂದ ಇನ್ನೂ ಸುಧಾರಿಸಿದ್ದನ್ನ ಮಾಡಿದ.

ಹಂಗಾದ್ರ ಮಕ್ಕಳನ್ನ ಹತ್ತಿಸೋದು ಯಾವಾಗ ನಿಂತಿತು? 1875ರಲ್ಲಿ. ಸಲಕರಣೆ ಬಂದ 72 ವರ್ಷದ ಮ್ಯಾಲ. ನಡುವೆ 1834, 1840, 1864ರಲ್ಲಿ ಕಾನೂನು ಬಂದವು. 1840ರ ಕಾನೂನು 21 ವರ್ಷದೊಳಗಿನವರನ್ನ ಹತ್ತಿಸಬಾರದು ಅಂತಲೇ ಹೇಳಿತ್ತು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಹತ್ತಿರದ ಫುಲ್ಬರ್ನ್ ಆಸ್ಪತ್ರೆಯ ಹೊಗೆಗೂಡಿನಲ್ಲಿ ಜಾರ್ಜ್ ಬ್ರೂಸ್ಟರ್ ಅನ್ನೋ ಹನ್ನೊಂದು ವರ್ಷದ ಹುಡುಗ ಸತ್ತ. ಅವನ ಮಾಲೀಕನಿಗೆ ಜೈಲಾಯ್ತು. ಅದೇ ವರ್ಷ ಬಂದ ಕಾನೂನು ಪೊಲೀಸರ ಕೈಗೆ ಲೈಸೆನ್ಸ್ ಕೊಟ್ಟಿತು. ಆಮೇಲೆ ಗಳ ಅಟ್ಟದಿಂದ ಕೆಳಗಿಳಿಯಿತು.

ಸಂಗಾತಿಗಳೇ, ಆ 72 ವರ್ಷ ಯಾಕ ಹಿಡಿಯಿತು? ಕೋಲಿಗೆ ರೊಕ್ಕ ಕೊಡಬೇಕಿತ್ತು, ಹುಡುಗರು ಪುಕ್ಕಟೆ ಸಿಗತಿದ್ದರು. ನಮ್ಮಲ್ಲಿ ಮ್ಯಾನ್‌ಹೋಲಿನ ಲೆಕ್ಕವೂ ಇದೇ. ಯಂತ್ರ ಇಲ್ಲ ಅಂತ ಯಾರೂ ಸತ್ತಿಲ್ಲ. 2013ರಲ್ಲಿ ಕಾಯ್ದೆ ಬಂತು, 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು ಪ್ರತಿ ಸಾವಿಗೆ 10 ಲಕ್ಷ ಅಂತು, 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷ ಮಾಡಿತು. ಜೀವದ ಬೆಲೆ ಯಂತ್ರದ ಬೆಲೆಗಿಂತ ಮೇಲೇರೋ ತನಕ ಯಂತ್ರ ಗೋದಾಮಿನಾಗೇ ಇರತೈತಿ.

ಕಿಟಕಿ ತೊಳೆಯೋ ಗಳದ್ದೂ ಇದೇ ಹಣೆಬರಹ. ನೀರು ಹಾಯುವ ಗಳ ಅಮೆರಿಕದಲ್ಲಿ 1950ರ ದಶಕದಿಂದಲೇ ಇತ್ತು. ಬ್ರಿಟನ್ನಿನಲ್ಲಿ ಮಾತ್ರ ಬಾಳ ಮಂದಿ ಏಣಿ ಹತ್ತೋದು ಬಿಟ್ಟಿರಲಿಲ್ಲ. 2005ರಲ್ಲಿ ಎತ್ತರದ ಕೆಲಸದ ನಿಯಮ ಬಂತು. ನೆಲದಿಂದ ಮಾಡಬಹುದಾದ ಕೆಲಸಕ್ಕೆ ಮನುಷ್ಯನನ್ನ ಮೇಲೆ ಹತ್ತಿಸಬ್ಯಾಡ್ರಿ ಅನ್ನೋದು ಅದರ ಮೊದಲ ತತ್ವ. ಅಲ್ಲಿಂದ ಮುಂದೆ ಗಳ ಊರೂರಿಗೆ ಹಬ್ಬಿತು.

ಇನ್ನೊಂದು ಸಣ್ಣ ಸಂಗತಿ ಹೇಳಿ ಮುಂದೆ ಹೋಗ್ತೀನಿ. ಗಾಜಿನ ನೀರು ಎಳೆಯೋ ರಬ್ಬರ್ ಪಟ್ಟಿ, ಸ್ಕ್ವೀಜಿ ಅಂತಾರಲ್ಲ, ಅದರ ಇವತ್ತಿನ ರೂಪ ಮಾಡಿದವ ಎಟ್ಟೋರೆ ಸ್ಟೆಕೋನೆ. ಇಟಲಿಯಿಂದ ಅಮೆರಿಕಕ್ಕೆ ಹೊಟ್ಟೆಪಾಡಿಗೆ ಹೋದವ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಸ್ವತಃ ಕಿಟಕಿ ತೊಳೆಯೋನು. ಆಗಿನ ಉಕ್ಕಿನ ಪಟ್ಟಿ ಭಾರ, ರಬ್ಬರ್ ಬದಲಿಸಬೇಕಂದ್ರ ಸಾಲು ಸ್ಕ್ರೂ ಬಿಚ್ಚಬೇಕು. ಕೈ ನೋವು ಅವನದ್ದೇ ಅಲ್ವಾ, ಹಗುರಾದ ಹಿತ್ತಾಳೆಯದ್ದು ಮಾಡಿದ, 1936ರಲ್ಲಿ ಪೇಟೆಂಟ್ ತಗೊಂಡ. ಅದೇ 1936ರಲ್ಲಿ ಬಾಬಾಸಾಹೇಬರು ಜಾತಿ ಶ್ರಮವನ್ನಷ್ಟೇ ಹಂಚಿಲ್ಲ, ಶ್ರಮಿಕರನ್ನೇ ಒಡೆದು ಮೇಲುಕೆಳಗು ಮಾಡೈತಿ ಅಂತ ಬರೆದದ್ದು. ಕಿಟಕಿ ತೊಳೆಯೋ ಕೈಯೇ ಸಲಕರಣೆ ಮಾಡಿ ಕಂಪನಿ ಕಟ್ಟಿತು ಅಲ್ಲಿ. ನಮ್ಮಲ್ಲಿ ಗುಡಿಸೋ ಕೈ ಬೇರೆ, ಕಸಬರಗಿಗೆ ಟೆಂಡರ್ ಕರೆಯೋ ಕೈ ಬೇರೆ.

ಈಗ ಆ ಹುಡುಗನ ಪ್ರಶ್ನೆಗೆ ಬರ್ತೀನಿ. ಈ ಕೆಲಸ ಬಲ್ಲವರನ್ನ ಕೇಳಿ, ಓದಿ ತಿಳ್ಕೊಂಡಿದ್ದು ಬರೀತೀನಿ, ತಪ್ಪಿದ್ರ ತಿದ್ದ್ರಿ.

ತಮ್ಮಾ, ಮೊದಲು ಉದ್ದದ ಲೆಕ್ಕ. ನೆಲದ ಮೇಲೆ ಎರಡು ಮಹಡಿ ಅಂದ್ರ ಸುಮಾರು 30 ಅಡಿ. ನಿನ್ನ ಎದೆಮಟ್ಟ 4 ಅಡಿ ಕಳಿ. ಗಳ ಓರೆ ನಿಲ್ಲತೈತಿ, ಅದಕ್ಕೊಂದಿಷ್ಟು ಕೂಡಿಸು. ಅಂದ್ರ 30 ಅಡಿಯದು ಸಾಕು. "ಇರಲಿ ಬಿಡು" ಅಂತ 60 ಅಡಿಯದನ್ನ ತಗೊಂಡ್ರ ದಿನವಿಡೀ ಬ್ಯಾಡಾದ ಭಾರ ಹೊರ್ತಿ. ಆರು ಮಹಡಿ ದಾಟಿದ ಕಟ್ಟಡ ಗಳದ ಕೆಲಸ ಅಲ್ಲ, ಅಂಥಾ ಕೆಲಸ ಒಪ್ಪಬ್ಯಾಡ.

ಅಲ್ಯೂಮಿನಿಯಂ ಅಗ್ಗ, ಖರೆ. ಒಂದು ಮಹಡಿಗೆ ನಡೀತೈತಿ. ಉದ್ದ ಎಳೆದಂಗ ಭಾರ, ಬಾಗತೈತಿ, ಒಮ್ಮೆ ಸೊಟ್ಟಾದ್ರ ಕೊಳವೆ ಒಳಗ ಹೋಗೂದಿಲ್ಲ. ಫೈಬರ್ ಗ್ಲಾಸು ನಡುವಿನದು. ಗಟ್ಟಿ ಐತಿ, ಆದ್ರ 25 ಅಡಿ ದಾಟಿದ ಮ್ಯಾಲ ಮೀನಿನ ಗಾಳದ ಕೋಲಿನಂಗ ತೂಗಾಡತೈತಿ, ಆ ತೂಗಾಟ ತಡೆಯೋದು ನಿನ್ನ ಭುಜ. ಕಾರ್ಬನ್ ಹಗುರ, ಬಿರುಸು, ದುಬಾರಿ. ಬಿದ್ದು ಪೆಟ್ಟಾದ್ರ ಸೀಳತೈತಿ. ಎರಡನ್ನೂ ಬೆರೆಸಿದ ಹೈಬ್ರಿಡ್ಡೂ ಸಿಗತಾವು. ನಿಮ್ಮ ಕೆಲಸ ಹೆಚ್ಚಿಗೆ ಎರಡು ಮಹಡಿದಾದ್ರ ಒಳ್ಳೆ ಹೈಬ್ರಿಡ್ ಸಾಕು. ಮೂರು, ನಾಲ್ಕು ಮಹಡಿ ದಿನಾ ಇದ್ರ ಸಾಲ ಮಾಡಿಯಾದ್ರೂ ಕಾರ್ಬನ್ ತಗೋ. ಸಾಲ ತೀರತೈತಿ, ಭುಜ ಹೋದ್ರ ಬರೂದಿಲ್ಲ.

ಅಂಗಡಿಯಲ್ಲಿ ಒಣ ಗಳ ಎತ್ತಿ ನೋಡಿ "ಹಗುರ ಐತಿ" ಅಂತ ಬರಬ್ಯಾಡ. ಪೂರ್ತಿ ಎಳೆದು, ಬ್ರಷ್ ಹಾಕಿ, ಪೈಪಿಗೆ ನೀರು ಬಿಟ್ಟು ಹತ್ತು ನಿಮಿಷ ಗೋಡೆಗೆ ಉಜ್ಜಿ ನೋಡು. ಬಿಗಿ ಮಾಡೋ ಕ್ಲಾಂಪು ಒದ್ದೆ ಕೈಯಿಂದ ತೆಗೆದು ಹಾಕಾಕ ಬರಬೇಕು. ಒಂದು ತುಂಡು ಮುರಿದ್ರ ಅದೊಂದೇ ಬಿಡಿಯಾಗಿ ಸಿಗತೈತೋ ಕೇಳು. ಎಲ್ಲಕ್ಕಿಂತ ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡು. ನಮ್ಮ ಊರುಗಳಾಗ ತಂತಿ ಮನೆ ಗ್ಯಾಲರಿಗೆ ತಾಗಿದಂಗ ಹೋಗಿರತಾವು. ಅಲ್ಯೂಮಿನಿಯಂನಲ್ಲೂ ಕಾರ್ಬನ್ನಿನಲ್ಲೂ ಕರೆಂಟ್ ಹರಿಯತೈತಿ. ಫೈಬರ್ ಗ್ಲಾಸು ಅಂತ ಧೈರ್ಯ ಮಾಡಬ್ಯಾಡ, ಒದ್ದೆಯಾದ ಗಳಕ್ಕೆ ನಂಬಿಕೆ ಇಲ್ಲ. ತಂತಿ ಹತ್ತಿರ ಇದ್ರ ಕೆಲಸ ಬಿಡು.

ಇನ್ನ ನೀರು. ಈ ಗಳದ ಗುಟ್ಟೇ ನೀರು, ಒರೆಸೋ ಪ್ರಶ್ನೆನೇ ಇಲ್ಲ, ತೊಳೆದು ಬಿಟ್ಟ ಗಾಜು ತಾನೇ ಒಣಗಬೇಕು. ನೀರಿನಾಗ ಲವಣ ಇದ್ರ ಬಿಳಿ ಕಲೆ ಉಳೀತೈತಿ. ಕುಡಿಯೋ ನೀರಿಗೆ ಟಿಡಿಎಸ್ 500 ತನಕ ನಡೀತೈತಿ ಅಂತ ಸರ್ಕಾರದ ಮಾನದಂಡ ಹೇಳತೈತಿ. ಗಾಜಿಗೆ 10ರ ಒಳಗಿರಬೇಕು, ಸೊನ್ನೆ ಆದ್ರ ಇನ್ನೂ ಚಲೋ. ನಮ್ಮ ಕಡೆ ಗಡಸು ಬೋರಿನ ನೀರಿಗೆ ಬರೀ ರೆಸಿನ್ ಡಬ್ಬಿ ಹಾಕಿದ್ರ ಬಡಾಬಡಾ ಖಾಲಿ ಆಗತೈತಿ. ಮೊದಲು ಆರ್‌ಒ, ಆಮೇಲೆ ರೆಸಿನ್. ಆರ್‌ಒ ಬಿಸಾಕೋ ನೀರನ್ನ ಗಟಾರಕ್ಕೆ ಬಿಡಬ್ಯಾಡ, ಅದರಿಂದ ಅಂಗಳ ತೊಳಿ. ಗುಡಿ ಬಾವಿಯ ಹತ್ತಿರ ಕೊಡ ಹಿಡಿದು, ಯಾರಾದ್ರೂ ಮೇಲಿಂದ ಹೊಯ್ಯಲಿ ಅಂತ ನಿಂತವರ ಮೊಮ್ಮಕ್ಕಳು ನಾವು. ನೀರಿನ ಕಿಮ್ಮತ್ತು ನಮಗ ಯಾರೂ ಹೇಳೋದು ಬ್ಯಾಡ.

ಗಳ ಬಂದ್ರ ಎಲ್ಲಾ ಸಸೂತ್ರ ಅಂತನೂ ಇಲ್ಲ. ದಿನವಿಡೀ ಮೇಲೆ ನೋಡಿ ಕುತ್ತಿಗೆ ಹಿಡೀತೈತಿ. ಮೂವರಿದ್ದೀರಿ, ಪಾಳಿ ಮಾಡ್ಕೊಳ್ರಿ.

ಹಿರಿಯ ಸಂಗಾತಿಗೆ ನನ್ನ ಉತ್ತರ ಅರ್ಧ ಒಪ್ಪಿಗೆ, ಅರ್ಧ ಜಗಳ. ಈ ಹುಡುಗನ ಮಕ್ಕಳೂ ಕಿಟಕಿ ತೊಳೆಯಬೇಕಾಗಿ ಬಂದ್ರ ನಾನೂ ನಿಮ್ಮ ಜೊತೆ ಬೀದಿಗೆ ಬರ್ತೀನಿ. ಆದ್ರ ಇವ ಗುತ್ತಿಗೆದಾರನ ಹಗ್ಗಕ್ಕೆ ಜೋತು ಬೀಳೋ ಕೆಲಸ ಬಿಟ್ಟು, ದರ ತಾನೇ ಹೇಳಿ, ತಂತಿ ಕಂಡ್ರ "ಆಗೂದಿಲ್ರಿ" ಅಂತ ಹೇಳೋ ಹಕ್ಕು ಕೈಯಾಗ ಇಟ್ಕೊಂಡು ನೆಲದ ಮೇಲೆ ನೆಟ್ಟಗ ನಿಲ್ಲತಾನ. ಸಲಕರಣೆ ಅವನದು, ಆಯ್ಕೆಯೂ ಅವನದು. ನಮ್ಮ ಆಯಿಗೆ ಒಂದು ಬಿದಿರ ಕೋಲಿನ ಆಯ್ಕೆ ಇರಲಿಲ್ಲ.

ಬರೋ ಐತವಾರ ಹುಡುಗರು ಮುರಗೋಡಕ್ಕೆ ಬರ್ತಾರ. ಅಂಬೇಡ್ಕರ್ ಅಭಿವೃದ್ಧಿ ನಿಗಮಕ್ಕೆ ಹಾಕೋ ಅರ್ಜಿ ಕೂತು ತುಂಬ್ತೀವಿ. ಬೆಳಗಾವಿಯ ಮೂರು ಜಾಗದ ನೀರನ್ನ ಬಾಟಲಿಯಲ್ಲಿ ತರಾಕ ಹೇಳೀನಿ, ಟಿಡಿಎಸ್ ಮೀಟರ್ ತರಿಸೀನಿ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆ ಯಾರ ಹತ್ತಿರಾದ್ರೂ 30 ಅಡಿಯ ಹೈಬ್ರಿಡ್ ಇಲ್ಲಾ ಕಾರ್ಬನ್ ಗಳ ಇದ್ರ ಇನ್‌ಬಾಕ್ಸ್ ಮಾಡ್ರಿ. ಕೊಳ್ಳೋಕಿಂತ ಮೊದಲು ಒಂದು ದಿನ ನೀರು ಬಿಟ್ಟು ಹಿಡಿದು ನೋಡಬೇಕು.