ಕಲ್ಯಾಣದ ಮತ್ಸ್ಯವಿನೋದ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ‘ಮತ್ಸ್ಯವಿನೋದ’ವೂ ಒಂದು. ಗ್ರಂಥದ ಕಾಲ ಕ್ರಿ. ಶ. 1130ರ ಸುಮಾರು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದನ್ನು ವಿವೇಚಿಸಿದಂದಿನಿಂದ ವಿದ್ವಾಂಸರು ಈ ಭಾಗವನ್ನು ಗಾಳದ ಶಾಸ್ತ್ರವೆಂದೇ ಓದುತ್ತ ಬಂದಿದ್ದಾರೆ. ಅದು ತಪ್ಪಲ್ಲ, ಅಪೂರ್ಣ ಮಾತ್ರ. ಅರಸನು ಗಾಳವನ್ನು ಎತ್ತಿಕೊಳ್ಳುವುದಕ್ಕೆ ಮೊದಲು ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು, ಹೊಳೆಯವು, ಹುರುಪೆಯುಳ್ಳವು, ಇಲ್ಲದವು, ಹಿರಿದು, ಕಿರಿದು ಎಂದು ವಿಂಗಡಿಸುತ್ತಾನೆ. ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂಬ ವಿವರವನ್ನೂ ಕೊಡುತ್ತಾನೆ. ಮೇವನ್ನು ಅರಿಯದವನಿಗೆ ಮೀನಿನ ವಿನೋದವಿಲ್ಲ. ಇಂದು ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವವರ ವಿದ್ಯೆಗೂ ಇದೇ ಮೊದಲ ಪಾಠ. ನಮ್ಮ ಬಾಲಾನಗರದ ನೆರೆಯ ಕೂಕಟಪಲ್ಲಿಯಿಂದ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದು, ಹುಮನಾಬಾದು ದಾಟಿದರೆ ಸಿಗುವ ಆ ಕಲ್ಯಾಣವು 1956ರವರೆಗೆ ಹೈದರಾಬಾದು ರಾಜ್ಯದಲ್ಲಿಯೇ ಇತ್ತೆಂಬುದನ್ನು ಇಲ್ಲಿನ ಕನ್ನಡಿಗರು ಮರೆತಿರಲಾರರು.

ಆದರೆ ಕಲ್ಯಾಣದ ಅರಸನು ಒಂದು ಹೆಜ್ಜೆಯನ್ನು ಇಡಲಿಲ್ಲ. ಅವನು ಪಟ್ಟವೇರಿದ ಕಾಲಕ್ಕೇ, 1127ರಲ್ಲಿ, ಚೀನದಲ್ಲಿ ಸುಂಗ್ ವಂಶದ ಗಾವ್‌ತ್ಸುಂಗ್ ಸಿಂಹಾಸನವೇರಿದನು. 1162ರಲ್ಲಿ ಪಟ್ಟವನ್ನು ಬಿಟ್ಟುಕೊಟ್ಟ ಮೇಲೆ ಹ್ಯಾಂಗ್‌ಚೌ ನಗರದ ಅರಮನೆಯ ಕೊಳದಲ್ಲಿ ಆತನು ಬಂಗಾರದ ಮೀನುಗಳನ್ನು ಸಾಕಿಸಿದನು. ಬೂದುಬಣ್ಣದ ಸಾಮಾನ್ಯ ಮೀನುಗಳ ನಡುವೆ ಅಪರೂಪಕ್ಕೊಮ್ಮೆ ಹುಟ್ಟುವ ಕೆಂಪು ಮರಿಯನ್ನು ಬೇರಿರಿಸಿ, ಅಂಥದಕ್ಕೇ ಜೋಡಿಮಾಡಿ, ಸಂತತಿಯಲ್ಲಿ ಮತ್ತೆ ಆರಿಸುವುದು ಚೀನೀಯರ ಕ್ರಮ. ಸೋಮೇಶ್ವರನು ಹೆಸರಿಸುವ ರೋಹಿತವೂ ಈ ಬಂಗಾರದ ಮೀನೂ ಗೆಂಡೆಯ ಕುಟುಂಬಕ್ಕೇ ಸೇರಿದವು. ಒಂದರ ಬೆಲೆ ಗಾಳವನ್ನು ಜಗ್ಗುವ ಬಲದಲ್ಲಿ, ಇನ್ನೊಂದರ ಬೆಲೆ ಬಣ್ಣದಲ್ಲಿ. ಇದು ಜಾಣತನದ ಹೆಚ್ಚುಕಡಮೆಯಲ್ಲ, ಅಭಿರುಚಿಯ ಭೇದ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಎರಚುವ ನಮ್ಮವರು ಅವನ್ನು ಹಿಡಿಯಲೂ ಇಲ್ಲ, ಆರಿಸಿ ಬೆಳೆಸಲೂ ಇಲ್ಲ.

ಬಣ್ಣಕ್ಕೆ ಬೆಲೆ ಹೊರಗಿನಿಂದ ಬಂದಾಗ ಆದದ್ದೇನು? ಕಪ್ಪುಪಟ್ಟಿಯ ಮೇಲೆ ಕೆಂಪುಗೆರೆ ಎಳೆದಂತಿರುವ, ಗೇಣುದ್ದಕ್ಕೂ ಬೆಳೆಯದ ಒಂದು ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ವರ್ಣಿಸಿ, ಮದರಾಸಿನ ಗವರ್ನರ್ ಡೆನಿಸನ್ನನ ಹೆಸರನ್ನಿಟ್ಟನು. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ಕಾಸರಗೋಡಿಗಿಳಿಯುವ ಚಂದ್ರಗಿರಿಯಲ್ಲಿಯೂ ಅದುಂಟು. ವ್ಯಾಪಾರಿಗಳು ಅದನ್ನು ಕರೆಯುವುದು ‘ಮಿಸ್ ಕೇರಳ’ವೆಂದು! ಸಿಂಗಪುರದ 1997ರ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದ ಮೇಲೆ ಹೊಳೆಗಳಿಗೆ ಬಲೆ ಬಿತ್ತು. ಸಾಕಿ ಮರಿಮಾಡಿಸುವ ವಿದ್ಯೆ ಆಗ ಇರಲಿಲ್ಲ, ಬೇಡಿಕೆ ಮಾತ್ರ ಇತ್ತು. ಇಂದು ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹಾರ್ಮೋನಿನ ಚುಚ್ಚುಮದ್ದಿನಿಂದ ಅದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿದ್ಯೆ ಕೈಗೂಡಿದ್ದು ತರುವಾಯದ ಮಾತು.