ಜೈಲು ಹೋಯಿತು, ಗೋಪುರ ಉಳಿಯಿತು

ಹಳೇ ಬಂಗಲೆಗೆ ಬಣ್ಣ ಬಳಿದು ರೆಸ್ಟೋರೆಂಟ್ ತೆರೆಯೋದು ಬೆಂಗಳೂರಿನಲ್ಲಿ ಮಾಮೂಲು. ಹಳೇ ಜೈಲನ್ನು ಏನು ಮಾಡೋದು? ಇಲ್ಲಿನದೇ ವಾಸ್ತುಶಿಲ್ಪ ಸಂಸ್ಥೆ ಮ್ಯಾಥ್ಯೂ ಅಂಡ್ ಘೋಷ್‌ಗೆ ಎದುರಾದ ಪ್ರಶ್ನೆ ಇದು. ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲಿನ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋಗಿದ್ದರು. ಇವರು ಎಲ್ಲವನ್ನೂ ಕೆಡವದೆ ಕಾವಲು ಗೋಪುರ, ಕೆಲವು ಬ್ಯಾರಕ್, ಗೋಡೆಗಳನ್ನು ಉಳಿಸಿಕೊಂಡರು. 2008ರಲ್ಲಿ ಅದು ಫ್ರೀಡಂ ಪಾರ್ಕ್ ಆಯಿತು.

ನನಗೆ ಇಷ್ಟವಾಗಿದ್ದು ಈ ಉಳಿಸಿಕೊಂಡದ್ದೇ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದದ್ದು ಎಲ್ಲರಿಗೂ ಗೊತ್ತು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ ಕೂಡ ಇಲ್ಲೇ ಇದ್ದರು. ಅಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಈ ಗೋಡೆಗಳೂ ಇಲ್ಲದಿದ್ದರೆ ಅವರ ಕಥೆಯನ್ನು ಎಲ್ಲಿ ನಿಂತು ಹೇಳೋದು, ಹೇಳಿ?

ಅಂದಹಾಗೆ, ಸರ್ಕಾರದ ವಿರುದ್ಧ ಧರಣಿ ಕೂರುವವರಿಗೆ ಪೊಲೀಸರು ಈಗ ತೋರಿಸುವ ಜಾಗವೂ ಇದೇ :-)